ಸಿಲಿಕಾ ಹೂಳಿನಲ್ಲಿ ಉಳಿಯುವ ಬಗೆ: ಠಾಣೆ ಖಾಡಿಯಿಂದ ದಕ್ಷಿಣ ಸಾಗರದವರೆಗೆ

ಉಲ್ಹಾಸ್ ನದಿ ಸಮುದ್ರಕ್ಕೆ ಒಯ್ಯುವ ಸಿಲಿಕಾದ ಮೂಲ ಸಹ್ಯಾದ್ರಿಯ ಕರಿಗಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನಿನ ಬಸಾಲ್ಟ್ ಶಿಲೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಸಿಲಿಕಾದ್ದೇ. ಗಾಳಿ, ಮಣ್ಣುಗಳಿಂದ ಇಂಗಾಲದ ಡೈಆಕ್ಸೈಡ್ ಹೀರಿದ ಮಳೆನೀರು ತುಸು ಆಮ್ಲೀಯವಾಗಿ ಬಂಡೆಯನ್ನು ಸವೆಸುತ್ತದೆ. ಆಗ ಕರಗಿ ಬರುವ ಸಿಲಿಸಿಕ್ ಆಮ್ಲವನ್ನು ನದಿ ಬದ್ಲಾಪುರ, ಕಲ್ಯಾಣ, ಡೊಂಬಿವಲಿಗಳನ್ನು ಹಾದು ಹೊತ್ತು ತರುತ್ತದೆ. ಠಾಣೆಯ ಬಳಿ ಮುಖ್ಯ ಹರಿವು ವಸಯಿ ಖಾಡಿಯತ್ತ ಸಾಗಿದರೆ, ಸಣ್ಣ ಕವಲೊಂದು ಠಾಣೆ ಖಾಡಿಯನ್ನು ಮುಟ್ಟುತ್ತದೆ.

ಈ ಸಿಲಿಕಾವನ್ನು ಹೆಚ್ಚಾಗಿ ಬಳಸಿಕೊಳ್ಳುವ ಜೀವಿ ಡಯಾಟಮ್. ಬರಿಗಣ್ಣಿಗೆ ಕಾಣದ ಈ ಏಕಕೋಶ ಪಾಚಿ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಡಬ್ಬಿ ಮತ್ತು ಮುಚ್ಚಳದಂತೆ ಕೂಡಿಕೊಂಡ ಎರಡು ಹೋಳುಗಳು, ಅವುಗಳ ಮೈತುಂಬ ಸಾಲುಸಾಲು ರಂಧ್ರಗಳು ಕಾಣುತ್ತವೆ. ಸಮುದ್ರದ ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲಿನ ಮೇಲೆ ಇವು ಕಂದುಬಣ್ಣದ ತೆಳುಪದರವಾಗಿ ಹರಡಿಕೊಳ್ಳುತ್ತವೆ. ಠಾಣೆ ಖಾಡಿಗೆ ಬರುವ ರಾಜಹಂಸಗಳಿಗೂ ಇವು ಆಹಾರ.

ಡಯಾಟಮ್ ಸತ್ತೊಡನೆ ಚಿಪ್ಪು ಕರಗತೊಡಗುತ್ತದೆ. ಸಮುದ್ರದ ನೀರಿನಲ್ಲಿ ಸಿಲಿಕಾ ಎಂದೂ ತುಂಬಿ ತುಳುಕುವಷ್ಟು ಇರುವುದಿಲ್ಲವಾದ್ದರಿಂದ ಇನ್ನಷ್ಟು ಕರಗಿಸಿಕೊಳ್ಳಲು ಅದರಲ್ಲಿ ಸದಾ ಜಾಗವಿರುತ್ತದೆ. ಜಗತ್ತಿನ ಡಯಾಟಮ್‌ಗಳು ಕಟ್ಟುವ ಸಿಲಿಕಾದಲ್ಲಿ ಶೇ. 3ರಿಂದ 4ರಷ್ಟು ಮಾತ್ರ ಹೂಳಿನಲ್ಲಿ ಶಾಶ್ವತವಾಗಿ ಉಳಿಯುತ್ತದೆಂದು ಅಂದಾಜು. ಹೀಗಾಗಿ ಎಷ್ಟು ಚಿಪ್ಪು ಬೆಳೆಯಿತು ಎಂಬುದಕ್ಕಿಂತ ಎಷ್ಟು ಚಿಪ್ಪು ಕರಗದೆ ಉಳಿಯಿತು ಎಂಬುದೇ ನಿರ್ಣಾಯಕ.

ಅಂಟಾರ್ಕ್‌ಟಿಕಾವನ್ನು ಸುತ್ತುವರಿದ ದಕ್ಷಿಣ ಸಾಗರದಲ್ಲಿ ಈ ಉಳಿವಿಗೆ ಹಲವು ಕಾರಣಗಳು ಕೂಡಿಬಂದಿವೆ. ಆಳದಿಂದ ಮೇಲೇಳುವ ನೀರು ಸಿಲಿಸಿಕ್ ಆಮ್ಲವನ್ನು ಧಾರಾಳವಾಗಿ ತರುತ್ತದೆ. ಕಬ್ಬಿಣದ ಕೊರತೆಯಿರುವ ಆ ನೀರಿನಲ್ಲಿ ಡಯಾಟಮ್‌ಗಳ ಚಿಪ್ಪು ದಪ್ಪವಾಗುತ್ತದೆ. ಫ್ರಾಜಿಲಾರಿಯಾಪ್ಸಿಸ್ ಕೆರ್ಗುಲೆನ್ಸಿಸ್ ಎಂಬ ಪ್ರಭೇದ ಇದಕ್ಕೆ ಹೆಸರಾಗಿದೆ. ಥಂಡಿಯಲ್ಲಿ ಕರಗುವಿಕೆ ನಿಧಾನ. ಗುಂಪುಗೂಡಿದ ಅಥವಾ ಜೀವಿಗಳ ಮಲದಲ್ಲಿ ಅಡಕವಾದ ಚಿಪ್ಪುಗಳು ಬೇಗ ತಳ ಸೇರುತ್ತವೆ. ತಳದ ಪ್ರವಾಹಗಳು ಅಕ್ಕಪಕ್ಕದ ಹೂಳನ್ನೂ ತಂದು ಕೆಲವೆಡೆ ರಾಶಿ ಹಾಕುತ್ತವೆ. ಹಾಗಿದ್ದೂ ಚಳಿಯೊಂದೇ ಸಾಲದು. ಆರ್ಕ್‌ಟಿಕ್ ಸಾಗರವೂ ಅಷ್ಟೇ ತಣ್ಣಗಿದೆ, ಆದರೆ ಬೆಳಕು ತಡೆಯುವ ಮಂಜುಗಡ್ಡೆ ಮತ್ತು ಪೋಷಕಾಂಶಗಳ ಕೊರತೆಯಿಂದಾಗಿ ಅದರ ನಡುಭಾಗದ ತಳದಲ್ಲಿ ಡಯಾಟಮ್ ಸಿಲಿಕಾ ಕಡಿಮೆ.

ತಳ ಸೇರಿದ ಮೇಲೂ ಅಪಾಯ ತಪ್ಪಿದ್ದಲ್ಲ. ಮೇಲಿನಿಂದ ಹೂಳು ಬೇಗ ಮುಚ್ಚಿದರೆ ಕಣಗಳ ನಡುವಿನ ನೀರಿನಲ್ಲಿ ಸಿಲಿಕಾ ಹೆಚ್ಚಿ ಕರಗುವಿಕೆ ಕುಂದುತ್ತದೆ. ಜೇಡಿಯಿಂದ ಬರುವ ಅಲ್ಯುಮಿನಿಯಂ ಚಿಪ್ಪಿಗೆ ಸೇರಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕರಗಿದ ಸಿಲಿಕಾ ಹೊಸ ಜೇಡಿ ಖನಿಜವಾಗಿ ಮಾರ್ಪಡುವುದೂ ಉಂಟು; ಅಮೆಜಾನ್ ನದೀಮುಖದ ಹೂಳಿನಲ್ಲಿ ಇದು ಬೇಗ ನಡೆಯುವುದನ್ನು 1995ರಲ್ಲಿ ವಿಜ್ಞಾನಿಗಳು ತೋರಿಸಿದರು. ಠಾಣೆ ಖಾಡಿಯ ಬೆಚ್ಚಗಿನ ನೀರು ಚಿಪ್ಪನ್ನು ಬೇಗ ಕರಗಿಸುವಂಥದ್ದು. ಮಳೆಗಾಲದ ಜೇಡಿಹೂಳು ಅದನ್ನು ಮುಚ್ಚಿ ಕಾಪಾಡಿದರೆ, ಭರತ-ಇಳಿತಗಳು ಕೆಸರನ್ನು ಕದಡಿ ಮತ್ತೆ ನೀರಿಗೆ ಒಡ್ಡುತ್ತವೆ.

ಮನುಷ್ಯನ ಕೈವಾಡವೂ ಇದಕ್ಕೆ ಸೇರಿದೆ. ಉಲ್ಹಾಸ್ ಕಣಿವೆಯ ಬಾರ್ವಿಯಂಥ ಅಣೆಕಟ್ಟುಗಳ ನಿಂತ ನೀರಿನಲ್ಲಿ ಡಯಾಟಮ್ ಬೆಳೆದು ಮುಳುಗಿದಷ್ಟೂ ಸಿಲಿಕಾ ಕಡಲಿಗೆ ತಲುಪದೆ ಅಲ್ಲೇ ಉಳಿಯುತ್ತದೆ. ಅತ್ತ ಊರುಗಳ ಕೊಳಚೆನೀರು ಸಾರಜನಕ, ರಂಜಕಗಳನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಡಯಾಟಮ್‌ಗಳಿಗೆ ಸಾರಜನಕದ ಪರಮಾಣುವೊಂದಕ್ಕೆ ಸಿಲಿಕಾದ ಅಣುವೊಂದು ಬೇಕು. ಈ ಪ್ರಮಾಣ ತಪ್ಪಿದರೆ ಸಿಲಿಕಾ ಬೇಡದ ಇತರ ಪಾಚಿಗಳ ಕೈ ಮೇಲಾಗುತ್ತದೆ; ಅವುಗಳಲ್ಲಿ ಕೆಲವು ಮೀನಿಗೆ ಮಾರಕ.

ಠಾಣೆ ಖಾಡಿ 2015ರಲ್ಲಿ ರಾಜಹಂಸ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸಾರ್ ತಾಣವಾಯಿತು. ಈ ರಕ್ಷಣೆ ಹಕ್ಕಿಗಳಿಗಷ್ಟೇ ಸೀಮಿತವಾಗಬಾರದು. ಕೊಳಚೆನೀರನ್ನು ಶುದ್ಧಗೊಳಿಸಿಯೇ ಖಾಡಿಗೆ ಬಿಡಬೇಕು. ನೀರಿನ ಪರೀಕ್ಷೆಯಲ್ಲಿ ಸಾರಜನಕ, ರಂಜಕಗಳ ಜೊತೆ ಸಿಲಿಕಾವನ್ನೂ ತಪ್ಪದೆ ಅಳೆಯಬೇಕು.