ಹಸಿರೆಲ್ಲವೂ ಕಾಡಲ್ಲ



ಅಕ್ಟೋಬರ್ 4ರಂದು ನಾವು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುತ್ತೇವೆ. 1979ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಪರಿಸರ ಕಾಯುವವರ ಪಾಲಕ ಸಂತರೆಂದು ಘೋಷಿಸಿದರು. ಅಂದು ಬಲಿಪೂಜೆಯ ನಂತರ ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ. ಮರುವರ್ಷದ ಹಬ್ಬಕ್ಕೆ ಆ ಸಸಿಗಳಲ್ಲಿ ಎಷ್ಟು ಉಳಿದಿರುತ್ತವೆ?

ಬಸವನ ಬಾಗೇವಾಡಿ ಸೀಮೆಯ ಇಂಗಳೇಶ್ವರದ ಕಡೆಯವರಿಗೆ ತಮ್ಮ ನೆಲ ಗೊತ್ತು. ಮೇಲೆ ಎರೆಮಣ್ಣು, ಅದರ ಕೆಳಗೆ ಕರಿಕಲ್ಲು. ಮನೆಗೂ ರಸ್ತೆಗೂ ಕಲ್ಲು ಬೇಕು. ಕಲ್ಲು ತೆಗೆದಲ್ಲಿ ತಗ್ಗು ಉಳಿಯುತ್ತದೆ. ಕೆಲವು ವರ್ಷಗಳಲ್ಲಿ ಅದರ ಅಂಚಿಗೆ ಬಳ್ಳಾರಿ ಜಾಲಿ ಹಬ್ಬುತ್ತದೆ. "ನೋಡ್ರಿ ಫಾದರ್, ಯಾರೂ ಹಚ್ಚಲಿಲ್ಲ, ತಾನ ಹಸರಾತು" ಎಂದು ಹಿರಿಯರೊಬ್ಬರು ನಮಗೆ ಹೇಳಿದ್ದುಂಟು. ಹಸಿರಾಗಿರುವುದು ನಿಜ. ಆದರೆ ಕೆಟ್ಟ ನೆಲ ಮತ್ತೆ ಜೀವ ತಳೆಯಿತೆಂದು ಹೇಳಲು ಅಷ್ಟು ಸಾಕೇ? ಉತ್ತರಕ್ಕಾಗಿ ಕೃಷ್ಣೆಯನ್ನೂ ತುಂಗಭದ್ರೆಯನ್ನೂ ದಾಟಿ ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳನ್ನು ನೋಡೋಣ.

ಅಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನೇ ಅಗೆಯಲಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿತು. 2011ರ ಜುಲೈ 29ರಂದು ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆದ 'ಸಿ' ವರ್ಗದ ಗಣಿಗಳ ಗುತ್ತಿಗೆಗಳು ರದ್ದಾದವು. ಉಳಿದವರು ಗಣಿ ನಡೆಸಬೇಕಾದರೆ ನೆಲದ ಪುನಶ್ಚೇತನ ಯೋಜನೆಯನ್ನು ಕೈಗೊಳ್ಳಲೇಬೇಕಾಯಿತು. ಗಣಿ ಬಾಧಿತ ಪ್ರದೇಶದ ಕೆಲಸಕ್ಕೆಂದೇ 2014ರಲ್ಲಿ ರಾಜ್ಯ ಸರ್ಕಾರದ ನಿಗಮವೊಂದು ಹುಟ್ಟಿತು.

ಹಾಗಾದರೆ ಗಿಡ ನೆಟ್ಟರೆ ಮುಗಿಯಿತೇ? ಇಲ್ಲ. ಗಣಿಯಲ್ಲಿ ಮೊದಲು ಹೋಗುವುದು ಮೇಲ್ಮಣ್ಣು. ಬೀಜ, ಬೇರು, ಕಣ್ಣಿಗೆ ಕಾಣದ ಕೋಟಿ ಜೀವಾಣುಗಳು ಇರುವುದು ಅದರಲ್ಲಿಯೇ. ಅದು ಹೋದ ಮೇಲೆ ಉಳಿಯುವುದು ಸಡಿಲ ಕಲ್ಲುಪುಡಿಯ ದಿಬ್ಬ. ಬಿತ್ತುವವನ ಸಾಮತಿಯಲ್ಲಿ ಕಲ್ಲುನೆಲಕ್ಕೆ ಬಿದ್ದ ಬೀಜ ಏನಾಯಿತೆಂದು ನಮಗೆಲ್ಲ ಗೊತ್ತು.

ಆದ್ದರಿಂದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿ, ಬುಡಕ್ಕೆ ತಡೆಗೋಡೆ, ಹಳ್ಳಕ್ಕೆ ಒಡ್ಡು ಕಟ್ಟಬೇಕು. ಇಲ್ಲವಾದರೆ ಮಳೆಗೆ ಹೂಳು ಕೆಳಗಿನ ಹೊಲ, ಕೆರೆಗಳಿಗೆ ಇಳಿಯುತ್ತದೆ. ಅನಂತರ ತೆಂಗಿನ ನಾರಿನ ಚಾಪೆ ಹಾಸಿ, ಹುಲ್ಲು ಬಿತ್ತಿ ಮಣ್ಣನ್ನು ಹಿಡಿದು ನಿಲ್ಲಿಸಬೇಕು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ಹೊಂಗೆಯಂಥ ಗಿಡಗಳು ನೆಲಕ್ಕೆ ಸತ್ವ ಕೊಡುತ್ತವೆ. ಆಮೇಲೆ ಆ ಸೀಮೆಯ ಒಣಕಾಡಿನ ಮಕ್ಕಳಾದ ಕಮರ, ದಿಂಡಿಗ, ಕಕ್ಕೆ, ಬೇವು, ಬಾರಿ, ತಂಗಡಿ ಒಂದರ ಜೊತೆಗೊಂದು ಬರಬೇಕು. ಬಾರಿಹಣ್ಣಿಗೆ ಹಕ್ಕಿ ಬರುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ನಾವು ನೆಡದ ಬೀಜವೂ ಬರುತ್ತದೆ. ಯಾರೂ ನೆಡದ ನಾಡಗಿಡಗಳು ತಾವಾಗಿಯೇ ಮೊಳೆತ ದಿನ ನೆಲ ಚೇತರಿಸಿಕೊಳ್ಳುತ್ತಿದೆ ಎನ್ನಬಹುದು.

ಬಳ್ಳಾರಿ ಜಾಲಿಯೂ ತಾನಾಗಿಯೇ ಬರುತ್ತದಲ್ಲ ಎಂದು ನೀವು ಕೇಳಬಹುದು. ಹೆಸರು ನಮ್ಮದಾದರೂ ಅದರ ಮೂಲ ಅಮೆರಿಕ ಖಂಡ. ಕಾಯಿ ತಿಂದ ಆಡು, ದನಗಳು ಬೀಜವನ್ನು ಹರಡುತ್ತವೆ; ದಟ್ಟವಾಗಿ ಬೆಳೆದಲ್ಲಿ ಅದು ಬೇರೆ ಗಿಡಗಳಿಗೆ ಎಡೆ ಕೊಡುವುದಿಲ್ಲ. ನೀಲಗಿರಿ, ಅಕೇಶಿಯಗಳನ್ನು ಸಾಲಾಗಿ ನೆಟ್ಟರೂ ಅಷ್ಟೇ. ದೂರದಿಂದ ಹಸಿರು ಕಂಡರೂ ಒಳಗೆ ಒಂದೇ ಜಾತಿ. ಊರೆಂದರೆ ಒಂದೇ ಮನೆತನವಲ್ಲ, ಕಾಡೂ ಹಾಗೆಯೇ.

ಪ್ರಿಯರೇ, ಅದಿರು ತೆಗೆಯಲು ಕೆಲವು ವರ್ಷ ಸಾಕು. ಕಾಡು ಮರಳಲು ತಲೆಮಾರುಗಳೇ ಬೇಕು. ತೆಗೆದವರು ಒಬ್ಬರು, ತಗ್ಗು, ಧೂಳು ಉಳಿಯುವುದು ಇನ್ನೊಬ್ಬರ ಮಕ್ಕಳಿಗೆ. ಇದು ನ್ಯಾಯದ ಪ್ರಶ್ನೆಯೂ ಹೌದು. ದೊಡ್ಡ ಗಣಿಗಳಿಗೆ ನ್ಯಾಯಾಲಯದ ಕಣ್ಗಾವಲು ಸಿಕ್ಕಿತು. ಊರಬದಿಯ ಸಣ್ಣ ಕಲ್ಲುಗಣಿಗೆ ನಾವೇ ಕಾವಲು.

ಈ ಹಬ್ಬಕ್ಕೆ ನೂರು ಸಸಿ ಬೇಡ. ನಮ್ಮ ನೆಲದವೇ ಆದ ಐದಾರು ಜಾತಿಯ ಹತ್ತು ಸಸಿ ಸಾಕು. ಒಂದೊಂದು ಕುಟುಂಬ ಒಂದೊಂದಕ್ಕೆ ಮುಳ್ಳುಬೇಲಿ ಕಟ್ಟಿ, ಮೂರು ಬೇಸಿಗೆ ನೀರುಣಿಸಲಿ. ಫೋಟೋ ನಾಲ್ಕನೆಯ ವರ್ಷದ ಹಬ್ಬಕ್ಕಿರಲಿ.