ಠಾಣೆಗಿಂತ ಮೊದಲು ಆಸ್ಪತ್ರೆ

ಮನೆಯಲ್ಲಿ ಹೆಣ್ಣೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯವಾದರೆ ಶುರುವಾಗುವ ಮೊದಲ ಚರ್ಚೆ ಕಂಪ್ಲೇಂಟ್ ಕೊಡುವುದೋ ಬೇಡವೋ ಎಂಬುದು. ದೊಡ್ಡಪ್ಪನನ್ನು ಕೇಳಿ, ಪರಿಚಯದ ವಕೀಲರನ್ನು ಕೇಳಿ ತೀರ್ಮಾನಕ್ಕೆ ಬರುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ಅಷ್ಟರವರೆಗೆ ಆಸ್ಪತ್ರೆಗೆ ಯಾರೂ ಕರೆದೊಯ್ಯುವುದಿಲ್ಲ. ಎಫ್‌ಐಆರ್ ಇಲ್ಲದೆ ಡಾಕ್ಟರು ಮುಟ್ಟುವುದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ.

ಮುಟ್ಟಲೇಬೇಕು. 2013ರಿಂದಲೇ ಕಾನೂನು ಹಾಗಿದೆ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ. ಬೆಳ್ತಂಗಡಿಯ ತಾಲ್ಲೂಕು ಆಸ್ಪತ್ರೆ ಇರಲಿ, ಬಿ.ಸಿ. ರೋಡಿನ ಖಾಸಗಿ ನರ್ಸಿಂಗ್ ಹೋಮ್ ಇರಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು ಎಂಬುದೂ ನಿಜ. ಆದರೆ ‘ನನಗೆ ಕೇಸು ಬೇಡ’ ಎಂದು ವಯಸ್ಕ ಮಹಿಳೆ ಹೇಳಿದರೆ ಅದನ್ನು ಬರೆದುಕೊಂಡು ಚಿಕಿತ್ಸೆ ಮುಂದುವರಿಸಬೇಕು ಎನ್ನುತ್ತದೆ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ. 18 ತುಂಬದವರ ವಿಷಯದಲ್ಲಿ ಈ ಆಯ್ಕೆ ಇಲ್ಲ. ಪೊಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಗಂಡುಮಕ್ಕಳಿಗೂ ಅಷ್ಟೇ. ಹಾಗೆಂದು ಎಫ್‌ಐಆರ್ ಆಗುವವರೆಗೆ ಮಗುವನ್ನು ಬೆಂಚಿನ ಮೇಲೆ ಕಾಯಿಸುವಂತಿಲ್ಲ.

‘ನಾಳೆ ಒಪಿಡಿಗೆ ತೋರಿಸಿದರಾಯಿತು’ ಎನ್ನುವುದು ಇನ್ನೊಂದು ತಪ್ಪು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಗೂ ಹೆಚ್ಚೆಂದರೆ ಐದು ದಿನ. ದೇಹದಿಂದ ಮಾದರಿ ತೆಗೆಯಲು ಮಾರ್ಗಸೂಚಿ ಕೊಡುವ ಅವಧಿ 96 ಗಂಟೆ. ರಾತ್ರಿಯಾಗಲಿ, ಭಾನುವಾರವಾಗಲಿ, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಸ್ನಾನ ಮಾಡಿಯಾಗಿದೆ, ಇನ್ನೇನು ಪ್ರಯೋಜನ? ಸ್ನಾನ ಮಾಡದಿದ್ದರೆ ಒಳ್ಳೆಯದು, ಮಾಡಿದ್ದರೂ ಹೋಗಲೇಬೇಕು. ಬಟ್ಟೆಯಲ್ಲಿ ಸಾಕ್ಷ್ಯ ಉಳಿದಿರಬಹುದು. ಇಲ್ಲಿ ನಮ್ಮ ಕಡೆಯವರು ಒಂದು ವಿಷಯ ಗಮನಿಸಬೇಕು. ಆಟಿ ತಿಂಗಳ ಮಳೆಯಲ್ಲಿ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ ಗಂಟು ಕಟ್ಟಿದರೆ ಮರುದಿನಕ್ಕೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ಕಲೆಯಲ್ಲಿದ್ದ ಸಾಕ್ಷ್ಯವೂ ಹಾಳಾಗುತ್ತದೆ. ಒಗೆಯಬಾರದು, ಬಿಸಿಲಿಗೂ ಹಾಕಬಾರದು. ಒದ್ದೆಯಿದ್ದರೆ ನೆರಳಿನಲ್ಲಿ ಗಾಳಿಗೆ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಕೊಂಡೊಯ್ಯಬೇಕು. ಆರಿಸಲೆಂದು ತಡಮಾಡುವುದು ಬೇಡ, ಆ ಕೆಲಸ ಆಸ್ಪತ್ರೆಯವರೂ ಮಾಡುತ್ತಾರೆ.

ಪರೀಕ್ಷೆ ಎಂದರೆ ಕನ್ಯತ್ವ ನೋಡುವುದು ಎಂಬ ಭಯ ತಾಯಂದಿರಲ್ಲಿ ಇನ್ನೂ ಇದೆ. ಆ ಭಯಕ್ಕೆ ಕಾರಣ ವೈದ್ಯಲೋಕವೇ. ಎರಡು ಬೆರಳಿನ ಪರೀಕ್ಷೆಯನ್ನು ಅದು ದಶಕಗಳ ಕಾಲ ನಡೆಸಿತ್ತು. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಖಡಾಖಂಡಿತವಾಗಿ ಹೇಳಿದೆ. ಪರೀಕ್ಷೆಯ ಯಾವ ಹಂತದಲ್ಲಾದರೂ ‘ಇದು ಬೇಡ’ ಎನ್ನಬಹುದು. ಬೇಡ ಎಂದ ಮಾತ್ರಕ್ಕೆ ಔಷಧ ನಿಲ್ಲಿಸುವಂತಿಲ್ಲ. ಗಾಯ ಇಲ್ಲದಿದ್ದರೆ ಏನೂ ನಡೆದಿಲ್ಲ ಎಂದೂ ಅರ್ಥವಲ್ಲ. ಪ್ರತಿರೋಧ ತೋರದಿರುವುದು ಸಮ್ಮತಿಯಲ್ಲ ಎಂದು ಕಾನೂನೇ ಹೇಳುತ್ತದೆ.

‘ಊರಿಗೆಲ್ಲ ಗೊತ್ತಾಗುತ್ತದೆ’ ಎಂಬುದನ್ನು ಮಾತ್ರ ಬರೀ ತಪ್ಪು ಕಲ್ಪನೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಂತ್ರಸ್ತೆಯ ಹೆಸರು ಪ್ರಕಟಿಸಿದರೆ ಎರಡು ವರ್ಷದವರೆಗೆ ಶಿಕ್ಷೆಯಿದೆ, ಸರಿ. ಆದರೆ ಮೂಡುಬಿದಿರೆಯಂಥ ಪೇಟೆಯಲ್ಲಿ ಆಸ್ಪತ್ರೆಯ ಆಯಾ ಅತ್ತೆಯ ನೆಂಟರಾಗಿರುತ್ತಾರೆ, ಕೌಂಟರಿನಲ್ಲಿ ಕೂತವನು ಅಣ್ಣನ ಕ್ಲಾಸ್‌ಮೇಟ್. ಆ ಪಿಸುಮಾತಿಗೆ ಯಾವ ಕಲಮೂ ಸಾಲದು. ಅದಕ್ಕೆ ದಾರಿ ಬೇರೆ: ಸ್ವಂತ ತಾಲ್ಲೂಕಿನ ಆಸ್ಪತ್ರೆಗೇ ಹೋಗಬೇಕೆಂಬ ನಿಯಮ ಇಲ್ಲ. ಮಂಗಳೂರಿನ ವೆನ್ಲಾಕ್‌ಗೋ ಲೇಡಿಗೋಷನ್‌ಗೋ ನೇರವಾಗಿ ಹೋಗಬಹುದು. ದೂರನ್ನೂ ಯಾವ ಠಾಣೆಯಲ್ಲಾದರೂ ಕೊಡಬಹುದು. ‘ನಮ್ಮ ವ್ಯಾಪ್ತಿ ಅಲ್ಲ’ ಎನ್ನದೆ ಝೀರೋ ಎಫ್‌ಐಆರ್ ದಾಖಲಿಸಬೇಕು. ನಡೆದದ್ದನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳುವುದೇ ಸಲೀಸಾದರೆ ಹಾಗೆಯೇ ಹೇಳಲಿ.

ಆರೋಪಿಗೆ ಶಿಕ್ಷೆಯಾದ ಮೇಲಷ್ಟೇ ಪರಿಹಾರ ಎಂದುಕೊಂಡವರೂ ಬಹಳ. 2018ರ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ಪರಿಹಾರವಿದೆ, ಮಧ್ಯಂತರ ಪರಿಹಾರಕ್ಕೂ ಅವಕಾಶವಿದೆ. ಅರ್ಜಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಆಪ್ತಸಮಾಲೋಚನೆ, ವಕೀಲರ ನೆರವು, ಕೆಲವು ದಿನದ ಆಸರೆಗೆ ಸಖಿ ಕೇಂದ್ರವಿದೆ. 181ಕ್ಕೆ ಫೋನ್ ಮಾಡಿದರೆ ಸಂಪರ್ಕ ಕೊಡುತ್ತಾರೆ. ಮಕ್ಕಳಿಗೆ 1098, ಬಸ್ಸಿಲ್ಲದ ಹೊತ್ತಿನಲ್ಲಿ ಆಂಬ್ಯುಲೆನ್ಸ್‌ಗೆ 108.