ಶಿಶುಗಳ ಅತಿಸಾರವೂ ದಂತೋದ್ಭೇದವೂ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಬಾಲ್ಯವನ್ನು ಮೂರಾಗಿ ವಿಂಗಡಿಸಿದೆ. ಒಂದು ವರ್ಷದವರೆಗಿನ ಶಿಶು ಕ್ಷೀರಪ, ಎರಡು ವರ್ಷದವರೆಗಿನದು ಕ್ಷೀರಾನ್ನಾದ, ಅನಂತರದ್ದು ಅನ್ನಾದ. ಆದರೂ ಆರನೆಯ ತಿಂಗಳಲ್ಲಿಯೇ ಲಘುವಾದ ಅನ್ನವನ್ನು ಉಣಿಸಬಹುದೆಂದು ಶಾರೀರಸ್ಥಾನವು ವಿಧಿಸುವುದರಿಂದ ಈ ಎಲ್ಲೆಗಳು ಅಷ್ಟೇನೂ ಬಿಗಿಯಾದುವಲ್ಲ. ವಯಸ್ಸನ್ನು ಆಹಾರದಿಂದ ಅಳೆಯುವ ಈ ಕ್ರಮವು ಅತಿಸಾರದ ವಿಚಾರದಲ್ಲಿ ವಿಶೇಷವಾಗಿ ಸಾರ್ಥಕವಾಗಿದೆ. ಬಡ ನಾಡುಗಳಲ್ಲಿ ಈ ರೋಗವು ಅತಿಯಾಗಿ ಕಾಣಬರುವುದು ಆರನೆಯ ತಿಂಗಳಿಂದ ಎರಡನೆಯ ವರ್ಷದವರೆಗೆ, ಎಂದರೆ ಹಾಲಿಗೆ ಅನ್ನವು ಸೇರುವ ನಡುಗಾಲದಲ್ಲಿ. ಗಾರ್ಡನ್, ಚಿತ್ಕಾರ, ವೈಯನ್ ಎಂಬ ಮೂವರು 1963ರಲ್ಲಿ ಇದಕ್ಕೆ ‘ಹಾಲು ಬಿಡಿಸುವ ಕಾಲದ ಅತಿಸಾರ’ ಎಂಬರ್ಥದ ಹೆಸರನ್ನೇ ಇಟ್ಟರು.

ಕಾರಣಗಳು ಗೂಢವಾದುವಲ್ಲ. ತಾಯಹಾಲಿನಲ್ಲಿ ಕರುಳನ್ನು ಕಾಯುವ ದ್ರವ್ಯಗಳಿವೆ. ಹಾಲು ತಗ್ಗಿದಷ್ಟೂ ಆ ರಕ್ಷೆಯೂ ತಗ್ಗುತ್ತದೆ. ಬೆಳಗ್ಗೆ ಕಾಯಿಸಿದ ರಾಗಿಯ ಸರಿಯನ್ನು ಸಂಜೆಯವರೆಗೂ ಇಟ್ಟು ಉಣಿಸಿದರೆ, ಬೇಸಗೆಯ ಸೆಕೆಯಲ್ಲಿ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಸರಿಯಾಗಿ ತೊಳೆಯದ ಹಾಲಿನ ಶೀಸೆ ಇನ್ನೂ ಕೇಡಿನದು. ಕಾಯಿಸದ ನೀರು, ಶೌಚದ ಅನನುಕೂಲ, ಕೋಳಿ ಕರುಗಳು ಓಡಾಡುವ ಅಂಗಳದಲ್ಲಿ ಅಂಬೆಗಾಲಿಡುವ ಕೂಸಿನ ಕೈ, ಇವೆಲ್ಲ ಒಂದಕ್ಕೊಂದು ಕೂಡಿಬರುತ್ತವೆ. ಕೃಶವಾದ ಮಗುವಿಗೆ ಭೇದಿಯು ಬಹುಕಾಲ ನಿಲ್ಲುತ್ತದೆ. ಭೇದಿಯಿಂದ ಮಗುವು ಮತ್ತಷ್ಟು ಕೃಶವಾಗುತ್ತದೆ. ಆದರೆ ಶುಚಿಯೊಂದರಿಂದಲೇ ಎಲ್ಲವೂ ನಿಲ್ಲುವುದೆಂದು ತಿಳಿಯಲಾಗದು. 1973ರಲ್ಲಿ ರೂತ್ ಬಿಷಪ್ ಮೊದಲಾದವರು ಮೆಲ್ಬರ್ನಿನಲ್ಲಿ ಕಂಡುಹಿಡಿದ ರೋಟಾವೈರಸ್ಸು ಅನುಕೂಲಸ್ಥರ ಮನೆಯ ಶಿಶುಗಳನ್ನೂ ಬಿಡುವುದಿಲ್ಲ. ಇದರ ಲಸಿಕೆಯು 2016ರಿಂದ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ.

ಇಷ್ಟಾದರೂ ಜನರು ಹೇಳುವ ಕಾರಣವು ಬೇರೆ: ಮಗುವಿಗೆ ಹಲ್ಲು ಬರುತ್ತಿದೆ. ಈ ನಂಬಿಕೆ ಹಳೆಯದು. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ದಂತೋದ್ಭೇದವನ್ನು ಸಕಲ ರೋಗಗಳಿಗೂ ನೆಲೆಯೆಂದು ಕರೆದು, ಭೇದಿಯನ್ನೂ ಅದರೊಡನೆ ಹೇಳಿದ್ದಾನೆ. ಅವನು ಕಂಡ ಸಾಹಚರ್ಯವು ಸುಳ್ಳಲ್ಲ. ಹಲ್ಲು ಮೂಡುವುದು, ಅಂಬೆಗಾಲಿಡುವುದು, ಸಿಕ್ಕಿದ್ದನ್ನು ಬಾಯಿಗಿಡುವುದು, ಅನ್ನ ತೊಡಗುವುದು, ತಾಯಿಯಿಂದ ಬಂದ ರಕ್ಷೆ ಕುಗ್ಗುವುದು, ಇವೆಲ್ಲ ಒಂದೇ ಕಾಲದಲ್ಲಿ ಸಂಭವಿಸುತ್ತವೆ; ಕಣ್ಣಿಗೆ ಬೀಳುವುದು ಹಲ್ಲು ಮಾತ್ರ. ಇಂಥ ರೋಗಗಳಲ್ಲಿ ಬಾಲಕನನ್ನು ಅತಿಯಾಗಿ ಕಟ್ಟುಪಾಡಿಗೆ ಗುರಿಮಾಡಬಾರದು, ಹಲ್ಲು ಬಂದಮೇಲೆ ಅವು ತಾವೇ ಶಮಿಸುತ್ತವೆ ಎಂದೂ ವಾಗ್ಭಟನು ಹೇಳುತ್ತಾನೆ. ಮೊದಲರ್ಧವು ಇಂದಿಗೂ ಹಿತವಾದ ಮಾತು. ಎರಡನೆಯರ್ಧವನ್ನು ನಂಬಿ ಕಾದು ಕುಳಿತರೆ ಮಾತ್ರ ಅಪಾಯವುಂಟು. ಏಕೆಂದರೆ ಕೂಸನ್ನು ಕೊಲ್ಲುವುದು ಬಹುಮಟ್ಟಿಗೆ ಮೈಯ ನೀರೂ ಉಪ್ಪೂ ಹರಿದುಹೋಗುವುದು. ಭೇದಿ ಹೆಚ್ಚೀತೆಂದು ಮೊಲೆಹಾಲನ್ನೂ ನೀರನ್ನೂ ತಡೆಯುವ ಮನೆಗಳಲ್ಲಿ ಈ ನಷ್ಟವು ಇನ್ನೂ ಬೇಗ ಒದಗುತ್ತದೆ.